ಕೆಳಮನೆ ಅಂದ್ರೆ ನಮ್ಮ ಕೇರಿನಾ ಅಣ್ಣಾ?

ಪೋಸ್ಟ್ ಉದ್ದ ಇದೆ. ಊಟ ಆದಮೇಲೆ ಕೂತು ಓದಿ, ಅರ್ಧಕ್ಕೆ ಬಿಟ್ಟು ಲೈಕ್ ಒತ್ತಬೇಡಿ.

ಈ ಸಲ ಏಪ್ರಿಲ್ 14ರ ಸಂಜೆ ನಮ್ಮ ಬಳ್ಳಿಗಾವಿಯ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಸಂವಿಧಾನದ ಬಗ್ಗೆ ಮಾತಾಡ್ತಾ ಇದ್ದೆ. ಪಿಯುಸಿ ಓದುವ ಹುಡುಗಿಯೊಬ್ಬಳು ಪುಸ್ತಕ ತೆಗೆದು ಕೇಳಿದಳು: "ಅಣ್ಣಾ, ಇಲ್ಲಿ ವಿಧಾನಸಭೆನ ಕೆಳಮನೆ ಅಂತಾರೆ, ವಿಧಾನ ಪರಿಷತ್ತನ್ನ ಮೇಲ್ಮನೆ ಅಂತಾರೆ. ಕೆಳಮನೆ ಅಂದ್ರೆ ನಮ್ಮ ಕೇರಿ ಥರನಾ?" ಎಲ್ಲ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದ ಮೇಲೆ ಆ ಪ್ರಶ್ನೆ ನಿದ್ದೆ ಕೊಡಲಿಲ್ಲ. ಊರಲ್ಲಿ 'ಮೇಲೆ' ಯಾರಿರ್ತಾರೆ, 'ಕೆಳಗೆ' ಯಾರಿರ್ತಾರೆ ಅಂತ ಆ ಮಗುವಿಗೆ ಯಾರೂ ಪಾಠ ಮಾಡಿಲ್ಲ. ನಡೆದಾಡಿಯೇ ಕಲಿತಿದ್ದಾಳೆ.

ಅವಳಿಗೆ ಅವತ್ತು ಕೊಟ್ಟ ಉತ್ತರ ಇಷ್ಟೇ: "ಅಲ್ಲ ತಂಗಿ. ಈ ಒಂದು ಜಾಗದಲ್ಲಿ ಲೆಕ್ಕ ಉಲ್ಟಾ. ದುಡ್ಡಿನ ಚೀಲ ಕೆಳಮನೆ ಕೈಯಲ್ಲಿದೆ." ಉಳಿದದ್ದನ್ನು ಇಲ್ಲಿ ಬರೀತಿದ್ದೇನೆ.

ಹೆಸರು ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ಪ್ರಭುಗಳು ಕೂರೋದು ಮೇಲ್ಮನೆ, ಸಾಮಾನ್ಯರು ಕೂರೋದು ಕೆಳಮನೆ. ಪ್ರಭುಗಳ ಕೈಯಿಂದ ಅಧಿಕಾರ ಜಾರಿ ಶತಮಾನ ದಾಟಿತು, ಹೆಸರು ಮಾತ್ರ ಉಳಿದುಕೊಂಡಿತು. ನಮ್ಮಲ್ಲಿ ವಿಧಾನಸಭೆಗೆ 224 ಜನ, ಎಲ್ಲರೂ ಜನರ ಮತದಿಂದಲೇ ಬಂದವರು. ಪರಿಷತ್ತಿಗೆ 75 ಜನ. ಶಾಸಕರು, ಪದವೀಧರರು, ಶಿಕ್ಷಕರು, ಸ್ಥಳೀಯ ಸಂಸ್ಥೆಯವರು ಆರಿಸಿ ಕಳಿಸ್ತಾರೆ, ಕೆಲವರನ್ನು ರಾಜ್ಯಪಾಲರು ನಾಮಕರಣ ಮಾಡ್ತಾರೆ. ಹಣಕಾಸು ಮಸೂದೆ ಹುಟ್ಟೋದು ಕೆಳಮನೆಯಲ್ಲಿ ಮಾತ್ರ. ಮೇಲ್ಮನೆಯವರು ಅದನ್ನು 14 ದಿನ ಇಟ್ಟುಕೊಂಡು ಸಲಹೆ ಕೊಡಬಹುದು, ತಡೆಯೋ ಹಾಗಿಲ್ಲ. ಬೇರೆ ಮಸೂದೆಗಳನ್ನು ಮೂರು ತಿಂಗಳು ತಡೀಬಹುದು. ಕೆಳಮನೆ ಇನ್ನೊಂದು ಸಲ ಪಾಸು ಮಾಡಿ ಕಳಿಸಿದರೆ ಮತ್ತೆ ಒಂದು ತಿಂಗಳು, ಅಷ್ಟೇ. ಸರ್ಕಾರ ಬೀಳೋದೂ ನಿಲ್ಲೋದೂ ಕೆಳಮನೆಯಲ್ಲೇ.

ಆದರೆ ಈ ಮನೆಯೊಳಗೆ ನಮ್ಮವರು ಕಾಲಿಟ್ಟದ್ದು ಬಹಳ ತಡವಾಗಿ.

ಬಳ್ಳಿಗಾವಿಗೆ ಬಂದವರು ಕೇದಾರೇಶ್ವರ ದೇವಸ್ಥಾನ ನೋಡ್ತಾರೆ, ತ್ರಿಪುರಾಂತಕದ ಕೆತ್ತನೆ ನೋಡ್ತಾರೆ, 1047ರಲ್ಲಿ ನಿಲ್ಲಿಸಿದ ಭೇರುಂಡ ಕಂಬದ ಹತ್ತಿರ ಫೋಟೋ ತೆಗೆಸಿಕೊಳ್ತಾರೆ. ಇವತ್ತು ವಿಧಾನಸೌಧದ ಕಾಗದಗಳ ಮೇಲೆಲ್ಲ ಇರೋದು ಅದೇ ಎರಡು ತಲೆಯ ಹಕ್ಕಿ. ಬನವಾಸಿ ಹನ್ನೆರಡು ಸಾವಿರಕ್ಕೆ ರಾಜಧಾನಿಯಾಗಿದ್ದ ಊರು ಇದು. ಶೈವ, ವೈಷ್ಣವ, ಜೈನರ ಜೊತೆಗೆ ಬೌದ್ಧ ವಿಹಾರವೂ ಇತ್ತು, 11ನೇ ಶತಮಾನದ ಶಾಸನವೇ ಹೇಳುತ್ತೆ. ತಾರಾ ಭಗವತಿಯ ಮೂರ್ತಿಯೂ ಸಿಕ್ಕಿದೆ. (ಬುದ್ಧ ನಮ್ಮ ಊರಿಗೆ ನಿನ್ನೆ ಮೊನ್ನೆ ಬಂದ ನೆಂಟ ಅನ್ನೋರಿಗೆ ಇದನ್ನು ತೋರಿಸಿ.) ದತ್ತಿ ಕೊಡುವಾಗ, ಸುಂಕ ಬಿಡುವಾಗ ಯಾರೆಲ್ಲ ಸೇರಿದ್ದರು ಅಂತಲೂ ಶಾಸನಗಳಲ್ಲಿ ಬರುತ್ತೆ: ಮಹಾಜನರು, ಪಟ್ಟಣಸ್ವಾಮಿ, ಸೆಟ್ಟಿಗಳು, ಮಠದ ಆಚಾರ್ಯರು. ಅಂದರೆ ಸಭೆ ಇತ್ತು. ಕೇರಿಯವರು ಆ ಪಟ್ಟಿಯಲ್ಲಿ ಇಲ್ಲ. ಆ ಕಲ್ಲು ಎತ್ತಿದವರು, ಕೆರೆ ಅಗೆದವರು ಯಾರು ಅಂತ ಕಲ್ಲನ್ನೇ ಕೇಳಬೇಕು.

ಇದೇ ಊರಲ್ಲಿ ದೇವಸ್ಥಾನದಲ್ಲಿ ಮದ್ದಳೆ ಬಾರಿಸುತ್ತಿದ್ದವನು ಅಲ್ಲಮ ಅಂತ ಹರಿಹರ ಬರೀತಾನೆ. ಆ ಮದ್ದಳೆಯವನು ಕಲ್ಯಾಣಕ್ಕೆ ಹೋಗಿ ಶೂನ್ಯ ಸಿಂಹಾಸನದ ಮೇಲೆ ಕೂತು ಅನುಭವ ಮಂಟಪ ನಡೆಸಿದ ಅನ್ನೋದು ಪರಂಪರೆ. ರಾಜಕಾರಣಿಗಳು ವೇದಿಕೆ ಹತ್ತಿದ ಕೂಡಲೇ 'ಜಗತ್ತಿನ ಮೊದಲ ಸಂಸತ್ತು' ಅಂತ ಶುರು ಮಾಡ್ತಾರೆ. ನನಗೆ ಆ ಮಾತಿನ ಮೇಲೆ ಅಷ್ಟು ನಂಬಿಕೆ ಇಲ್ಲ. ಅದರ ಚಿತ್ರ ಕಟ್ಟಿಕೊಟ್ಟ ಶೂನ್ಯಸಂಪಾದನೆಗಳು ಬಂದದ್ದು 15ನೇ ಶತಮಾನದಲ್ಲಿ, ಮುನ್ನೂರು ವರ್ಷ ಆದಮೇಲೆ. ಅಲ್ಲಿ ಚುನಾವಣೆ ಇರಲಿಲ್ಲ, ಬಜೆಟ್ ಇರಲಿಲ್ಲ, ರಾಜನನ್ನು ಇಳಿಸುವ ಅಧಿಕಾರ ಇರಲಿಲ್ಲ. ಆದರೆ ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಬ್ರಾಹ್ಮಣರ ಸರಿಸಮ ಕೂತು ಮಾತಾಡಿದರು ಅನ್ನೋ ನೆನಪನ್ನು ನಾಡು ಉಳಿಸಿಕೊಂಡಿದೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟಾಗ ಏನಾಯಿತು ಅನ್ನೋದನ್ನೂ ಉಳಿಸಿಕೊಂಡಿದೆ. ಮಾತಿನ ಮನೆಯಲ್ಲಿ ಜಾಗ ಸಿಕ್ಕಿತು, ಊರಲ್ಲಿ ಸಿಗಲಿಲ್ಲ.

ಈಗ ಒಂದು ಹಾರು ಹಾರಿ ಮೈಸೂರಿಗೆ ಬನ್ನಿ. ಶಿಕಾರಿಪುರ, ಸೊರಬ ಎರಡೂ ಹಳೆ ಮೈಸೂರು ಸಂಸ್ಥಾನದವು, ಹಾಗಾಗಿ ನಮ್ಮ ಕಥೆ ಅಲ್ಲಿಂದಲೇ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. 144 ಜನ. ಜಮೀನುದಾರರು, ವರ್ತಕರು. ದಸರಾ ಹೊತ್ತಿಗೆ ವರ್ಷಕ್ಕೊಮ್ಮೆ ಸೇರೋದು, ದಿವಾನರ ವರದಿ ಕೇಳೋದು, ಅಹವಾಲು ಹೇಳೋದು, ವಾಪಸ್ ಬರೋದು. ಕಾನೂನು ಮಾಡೋ ಅಧಿಕಾರ ಇಲ್ಲ. 1907ರಲ್ಲಿ ನ್ಯಾಯ ವಿಧಾಯಕ ಸಭೆ ಅಂತ ಇನ್ನೊಂದು ಬಂತು. 1923ರಲ್ಲಿ ಎರಡಕ್ಕೂ ಕಾಯ್ದೆಯ ಬುನಾದಿ ಸಿಕ್ಕಿತು. ಆದರೆ ಮತ ಹಾಕೋಕೆ ಕಂದಾಯ ಕಟ್ಟಿರಬೇಕು, ಆಸ್ತಿ ಇರಬೇಕು ಅಥವಾ ಓದಿರಬೇಕು. ನಮ್ಮ ಮುತ್ತಜ್ಜನ ಹತ್ತಿರ ಮೂರೂ ಇರಲಿಲ್ಲ. ಮತ ಇಲ್ಲದವರಿಗೆ ನಾಮಕರಣ. ಸರ್ಕಾರಕ್ಕೆ ಒಪ್ಪಿಗೆಯಾದ ಬೆರಳೆಣಿಕೆಯ ಜನರನ್ನು 'ದಲಿತ ವರ್ಗ'ದ ಹೆಸರಲ್ಲಿ ಕೂರಿಸೋದು. ಹಾಗೆ ಕೂತವರು ಬಾವಿ, ಶಾಲೆ, ಜಮೀನು ಕೇಳಿದರು. ಅವರನ್ನು ಹಗುರಾಗಿ ಕಾಣಬೇಡಿ. ಆದರೂ ಕೂರಿಸಿದವರು ಎಬ್ಬಿಸಬಹುದಾದ ಕುರ್ಚಿ ಅದು.

ನಮ್ಮ ಕೇರಿಯ ಬೆರಳಿಗೆ ಶಾಯಿ ಬಂದದ್ದು 1952ರ ಚುನಾವಣೆಯಲ್ಲಿ. ಅವತ್ತಿನ ಮೈಸೂರು ವಿಧಾನಸಭೆಗೆ 99 ಸ್ಥಾನ, ಕ್ಷೇತ್ರಗಳು ಮಾತ್ರ 80. ಲೆಕ್ಕ ಹೇಗೆ ಅಂತೀರಾ? 19 ಕ್ಷೇತ್ರಗಳಲ್ಲಿ ಇಬ್ಬಿಬ್ಬರು ಶಾಸಕರು. ದ್ವಿಸದಸ್ಯ ಕ್ಷೇತ್ರ ಅನ್ನೋರು ಅದಕ್ಕೆ. ಮೀಸಲು ಇರೋ ಕಡೆ ಒಂದೇ ಕ್ಷೇತ್ರದಿಂದ ಪರಿಶಿಷ್ಟರೊಬ್ಬರು, ಸಾಮಾನ್ಯದಿಂದ ಒಬ್ಬರು. ಮತದಾರನಿಗೆ ಎರಡು ಓಟು. ಇವತ್ತಿನವರಿಗೆ ಇದು ವಿಚಿತ್ರ ಅನಿಸಬಹುದು. ಆದರೆ ಯೋಚಿಸಿ ನೋಡಿ, ಆ ವ್ಯವಸ್ಥೆಯಲ್ಲಿ ಯಾವ ತಾಲೂಕೂ 'ಎಸ್‌ಸಿ ಕ್ಷೇತ್ರ' ಅಂತ ಮೂಗು ಮುರಿಸಿಕೊಳ್ಳಬೇಕಾಗಿರಲಿಲ್ಲ. ಸಾಮಾನ್ಯ ಕ್ಷೇತ್ರದ ದಲಿತರಿಗೂ ಬಾಗಿಲು ತಟ್ಟೋಕೆ ನಮ್ಮವರೇ ಒಬ್ಬ ಶಾಸಕ ಇರ್ತಿದ್ದ. 1961ರಲ್ಲಿ ಕಾಯ್ದೆ ತಂದು ಅದನ್ನು ತೆಗೆದರು. ಕ್ಷೇತ್ರಗಳು ದೊಡ್ಡವು, ಖರ್ಚು ಜಾಸ್ತಿ ಅಂದರು. ಆಮೇಲೆ ಉಳಿದದ್ದು ಇವತ್ತು ನಾವು ನೋಡ್ತಿರೋ ಏಕಸದಸ್ಯ ಕ್ಷೇತ್ರ.

ರಾಜ್ಯ ಒಂದಾದ ಮೇಲೆ 1957ರಲ್ಲಿ 208 ಸ್ಥಾನ, 1967ರಲ್ಲಿ 216, 1978ರಿಂದ 224. 2008ರ ಕ್ಷೇತ್ರ ಮರುವಿಂಗಡಣೆ ತನಕ ಪರಿಶಿಷ್ಟ ಜಾತಿಗೆ 33, ಪಂಗಡಕ್ಕೆ 2. ಈಗ 36 ಮತ್ತು 15. ಒಬ್ಬ ಆಂಗ್ಲೋ ಇಂಡಿಯನ್ ಸದಸ್ಯರನ್ನು ನಾಮಕರಣ ಮಾಡ್ತಿದ್ದರು, 2020ರಲ್ಲಿ ಅದು ನಿಂತಿತು. ನಮ್ಮ ಶಿವಮೊಗ್ಗ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಮೀಸಲು ಒಂದೇ, ಶಿವಮೊಗ್ಗ ಗ್ರಾಮಾಂತರ. ಅದಕ್ಕೂ ಮುಂಚೆ ಹೊಳೆಹೊನ್ನೂರು ಇತ್ತು. ಶಿಕಾರಿಪುರ, ಸೊರಬ ಎರಡೂ ಸಾಮಾನ್ಯ.

ಈ ಎರಡು ತಾಲೂಕು ಕೊಟ್ಟ ಮುಖ್ಯಮಂತ್ರಿಗಳ ಹೆಸರು ಎಲ್ಲರಿಗೂ ಗೊತ್ತು. ಸೊರಬದಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ. ಅವರ ಜೊತೆ ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪ, ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಚನ್ನಗಿರಿಯ ಜೆ.ಎಚ್. ಪಟೇಲ್ ಸೇರಿಸಿದರೆ ನಾಲ್ಕು ಜನ. ಇಡೀ ರಾಜ್ಯದ ಲೆಕ್ಕ ಹಿಡಿದರೂ ದಲಿತ ಮುಖ್ಯಮಂತ್ರಿ ಇನ್ನೂ ಸೊನ್ನೆ. ಒಂಬತ್ತು ಸಲ ಸತತವಾಗಿ ಇದೇ ಕೆಳಮನೆಗೆ ಗೆದ್ದು ಬಂದ ಖರ್ಗೆಯವರಿಗೂ ಆ ಕುರ್ಚಿ ಸಿಗಲಿಲ್ಲ. ಬಸವಲಿಂಗಪ್ಪನವರನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ತಲೆ ಮೇಲೆ ಮಲ ಹೊರೋದನ್ನು ನಿಲ್ಲಿಸಿದ ಮಂತ್ರಿ, 1973ರಲ್ಲಿ 'ಬೂಸಾ' ಅನ್ನೋ ಒಂದು ಮಾತಿಗೆ ಮಂತ್ರಿಗಿರಿ ಬಿಡಬೇಕಾಯ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ಮೀಸಲು ಕ್ಷೇತ್ರ ಅಂದರೆ ನಿಲ್ಲೋರು ಮಾತ್ರ ನಮ್ಮವರು. ಆರಿಸೋರು ಊರೆಲ್ಲ. 1932ರ ಪೂನಾ ಒಪ್ಪಂದದಲ್ಲಿ ಬಾಬಾಸಾಹೇಬರು ಪ್ರತ್ಯೇಕ ಮತದಾನ ಬಿಟ್ಟುಕೊಡಬೇಕಾಯ್ತಲ್ಲ, ಅದರ ಫಲ ಇದು. ಗೆಲ್ಲೋಕೆ ಕೇರಿಯ ಓಟು ಸಾಲದು, ಮೇಲಿನ ಬೀದಿಯವರು ಒಪ್ಪಬೇಕು. ಮೇಲಿನ ಬೀದಿ ಒಪ್ಪೋ ಹಾಗೆ ಮಾತಾಡಿ ಮಾತಾಡಿ ಕೊನೆಗೆ ಮಾತೇ ನಿಂತುಹೋಗುತ್ತೆ. ಅದರ ಮೇಲೆ 1985ರ ಪಕ್ಷಾಂತರ ನಿಷೇಧ. ಪಕ್ಷ ವಿಪ್ ಕೊಟ್ಟರೆ ಅದರಂತೆ ಮತ ಹಾಕಬೇಕು, ಇಲ್ಲದಿದ್ದರೆ ಸ್ಥಾನಕ್ಕೇ ಸಂಚಕಾರ. 36 ಜನ ಎದ್ದು ನಿಂತರೆ ಯಾವ ಸರ್ಕಾರವೂ ಅಲ್ಲಾಡುತ್ತೆ. 36 ಜನ ಒಟ್ಟಿಗೆ ಎದ್ದು ನಿಲ್ಲದ ಹಾಗೆ ಮನೆ ಕಟ್ಟಿದೆ. (ಆ 36ರಲ್ಲಿ ನಮ್ಮೊಳಗೇ ಯಾವ ಜಾತಿಗೆ ಎಷ್ಟು ಅನ್ನೋ ಜಗಳಕ್ಕೆ ಬೇರೆ ಪೋಸ್ಟ್ ಬರೀತೇನೆ. ಕಾಮೆಂಟಲ್ಲಿ ಶುರು ಮಾಡಬೇಡಿ.)

ಇನ್ನೊಂದು. ಶಾಸನಸಭೆಯ ಈ ಮೀಸಲಾತಿಗೆ ಮಾತ್ರ ಅವಧಿ ಇದೆ. ಮೊದಲು ಹತ್ತು ವರ್ಷ ಅಂತಿತ್ತು, ಹತ್ತತ್ತು ವರ್ಷಕ್ಕೆ ಮುಂದೂಡುತ್ತಾ ಬಂದು ಈಗ 2030ರ ಜನವರಿ ತನಕ ಇದೆ. ಶಿಕ್ಷಣ, ಉದ್ಯೋಗದ ಮೀಸಲಾತಿಗೆ ಆ ಗಡುವು ಇಲ್ಲ. 'ಹತ್ತು ವರ್ಷಕ್ಕೆ ಅಂತ ಅಂಬೇಡ್ಕರರೇ ಹೇಳಿದ್ದರು' ಅಂತ ಟೀ ಅಂಗಡಿಯಲ್ಲಿ ವಾದ ಮಾಡೋರಿಗೆ ಇಷ್ಟು ಹೇಳಿ ಬನ್ನಿ.

ಮನೆಯೊಳಗೆ ಹೋಗೋಣ. ಮಧ್ಯದಲ್ಲಿ ಎತ್ತರದ ಕುರ್ಚಿ, ಸ್ಪೀಕರ್ ಅಥವಾ ಸಭಾಧ್ಯಕ್ಷರದ್ದು. ಅವರ ಬಲಗಡೆ ಆಡಳಿತ ಪಕ್ಷ, ಎಡಗಡೆ ವಿರೋಧ ಪಕ್ಷ. (ಎಡ ಬಲ ಅಂದ ಕೂಡಲೇ ನಮ್ಮವರಿಗೆ ಬೇರೇನೋ ನೆನಪಾಗುತ್ತೆ, ಇಲ್ಲಿ ಅದಲ್ಲ.) ಸ್ಪೀಕರ್ ಮುಂದಿನ ತಗ್ಗು ಜಾಗ 'ಬಾವಿ', ಗಲಾಟೆ ಆದಾಗ ಇಳಿಯೋದು ಅಲ್ಲಿಗೆ. ನಮಗೆ ಬಾವಿ ಅಂದರೆ ನೀರು ಮುಟ್ಟಬಾರದ ಜಾಗ ಆಗಿತ್ತು, ಇವರಿಗೆ ಇಳಿದು ಕೂಗೋ ಜಾಗ. ಹತ್ತರಲ್ಲಿ ಒಂದು ಪಾಲು, ಅಂದರೆ 23 ಜನ ಇದ್ದರೆ ಕೋರಂ. ಆ 23 ಇಲ್ಲದೆ ಗಂಟೆ ಬಾರಿಸುತ್ತಾ ಕಾಯೋ ದಿನಗಳೂ ಉಂಟು. ವರ್ಷಕ್ಕೆ 60 ದಿನ ಸದನ ನಡೆಸಬೇಕು ಅಂತ 2005ರಲ್ಲಿ ತಾವೇ ಕಾಯ್ದೆ ಮಾಡಿಕೊಂಡರು. ಅದನ್ನು ಪಾಲಿಸಿದ ವರ್ಷ ಹುಡುಕೋದು ಕಷ್ಟ.

ಸ್ಪೀಕರನ್ನು ಸದಸ್ಯರೇ ಆರಿಸ್ತಾರೆ. ಅವರು ಮತ ಹಾಕೋದು ಎರಡೂ ಕಡೆ ಸಮ ಬಂದರೆ ಮಾತ್ರ. ಸದನ ವಿಸರ್ಜನೆ ಆದರೂ ಹೊಸ ಸದನ ಸೇರೋ ತನಕ ಆ ಕುರ್ಚಿಯವರು ಇರ್ತಾರೆ. ನಮ್ಮೂರ ಅಲ್ಲಮನ ಸಿಂಹಾಸನ ಶೂನ್ಯ, ಈ ಸಿಂಹಾಸನ ಶೂನ್ಯ ಆಗುವ ಹಾಗೇ ಇಲ್ಲ. ಅದರ ಮೇಲೆ 1972ರಲ್ಲಿ ಕೆ.ಎಸ್. ನಾಗರತ್ನಮ್ಮ ಕೂತರು, ಮೊದಲ ಮಹಿಳೆ. ನಮ್ಮವರೇ ಆದ ಕೆ.ಎಚ್. ರಂಗನಾಥ್ ಕೂತರು. ಪಕ್ಕದ ಸಾಗರದ ಕಾಗೋಡು ತಿಮ್ಮಪ್ಪನವರೂ ಕೂತರು, ಗೇಣಿದಾರರ ಸತ್ಯಾಗ್ರಹದ ಊರಿನವರು. ಯಾರು ಎಷ್ಟು ಹೊತ್ತು ಮಾತಾಡಬೇಕು, ಯಾವ ಮಾತು ಕಡತದಲ್ಲಿ ಉಳಿಯಬೇಕು, ಯಾವುದು ಹೋಗಬೇಕು ಅಂತ ಹೇಳೋದು ಆ ಕುರ್ಚಿ. ಶಾಸಕರನ್ನು ಅನರ್ಹ ಮಾಡೋದೂ ಅದೇ. 2010ರಲ್ಲಿ 16 ಜನರನ್ನು ಅನರ್ಹ ಮಾಡಿದ್ದನ್ನು ಮರುವರ್ಷ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2019ರಲ್ಲಿ 17 ಜನರ ಅನರ್ಹತೆ ಎತ್ತಿಹಿಡಿಯಿತು, ಆದರೆ ಅವರು ಮತ್ತೆ ಚುನಾವಣೆಗೆ ನಿಲ್ಲಬಹುದು ಅಂದಿತು. ಟಿವಿಯಲ್ಲಿ ರೆಸಾರ್ಟ್ ತೋರಿಸಿದರು, ಕುರ್ಚಿಯ ಅಧಿಕಾರ ಎಷ್ಟು ಅಂತ ಯಾರೂ ಬಿಡಿಸಿ ಹೇಳಲಿಲ್ಲ.

ಈ ಮನೆಗೆ ನಮ್ಮ ನೋವು ತಲುಪೋಕೆ ಎಷ್ಟು ವರ್ಷ ಬೇಕು? ಚಂದ್ರಗುತ್ತಿಯನ್ನೇ ತಗೊಳ್ಳಿ. ಸೊರಬ ತಾಲೂಕು, ರೇಣುಕಾಂಬೆಯ ಗುಡ್ಡ. ವರದಾ ಹೊಳೆಯಲ್ಲಿ ಮುಳುಗಿ ಬೆತ್ತಲೆಯಾಗಿ ಗುಡ್ಡದ ಕಡೆ ನಡೆಯೋ 'ಸೇವೆ'. ನಡೆಯೋರಲ್ಲಿ ಹೆಚ್ಚಿನವರು ನಮ್ಮ ಅಕ್ಕ ತಂಗಿಯರು, ಬಡವರ ಮನೆ ಹೆಣ್ಣುಮಕ್ಕಳು. ಬಿ. ಕೃಷ್ಣಪ್ಪನವರು ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು, ಬೇರೆ ಪ್ರಗತಿಪರರು ಇದನ್ನು ನಿಲ್ಲಿಸಿ ಅಂತ ಹೋದರು. 1986ರ ಮಾರ್ಚ್‌ನಲ್ಲಿ ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನು, ಪೊಲೀಸರನ್ನು, ಮಹಿಳಾ ಪೊಲೀಸರನ್ನೂ ಸೇರಿಸಿ, ಬಟ್ಟೆ ಕಿತ್ತು ಹೊಡೆದರು. ನಾನಾಗ ಹನ್ನೆರಡು ವರ್ಷದ ಹುಡುಗ. ನಮ್ಮ ಚಿಕ್ಕಪ್ಪ ಎರಡು ದಿನ ಬಿಟ್ಟು ಮನೆಗೆ ಬಂದಾಗ ಯಾರದೋ ಪಂಚೆ ಸುತ್ತಿಕೊಂಡಿದ್ದ. ಏನಾಯ್ತು ಅಂತ ಅವನು ಸಾಯೋ ತನಕ ಬಾಯಿ ಬಿಡಲಿಲ್ಲ.

ಆಮೇಲೆ ನಿಷೇಧಾಜ್ಞೆ ಬಂತು, ವಿಚಾರಣೆ ನಡೆಯಿತು, ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಿಂತಿತು. ಅದು ಅಧಿಕಾರಿಗಳ ಆದೇಶದ ಬಲ. ಇಂಥ ಅಮಾನವೀಯ ಆಚರಣೆಗಳನ್ನು ಒಟ್ಟಾಗಿ ಅಪರಾಧ ಅನ್ನೋ ಕಾಯ್ದೆಗೆ ಸದನ ಒಪ್ಪಿಗೆ ಕೊಟ್ಟದ್ದು 2017ರ ನವೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದಲ್ಲಿ. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ವರದಾ ಹೊಳೆಯಿಂದ ಸುವರ್ಣಸೌಧಕ್ಕೆ ಬಸ್ಸಲ್ಲಿ ಹೋದರೆ ಒಂದು ದಿನವೂ ಬೇಡ. ಕಾನೂನು ತಲುಪೋಕೆ 31 ವರ್ಷ ಹಿಡಿಯಿತು.

ಇನ್ನೊಂದು ಒಂದೇ ಸಾಲಿನ ಕಥೆ. ಅರಸು ಕಾಲದಲ್ಲಿ, 1978ರಲ್ಲಿ, ಪಿಟಿಸಿಎಲ್ ಕಾಯ್ದೆ ಆಯ್ತು. ಸರ್ಕಾರ ನಮ್ಮವರಿಗೆ ಕೊಟ್ಟ ಜಮೀನನ್ನು ಷರತ್ತು ಮುರಿದು ಯಾರಾದರೂ ಕೊಂಡುಕೊಂಡಿದ್ದರೆ ಅದು ಅಸಿಂಧು, ಜಮೀನು ವಾಪಸ್. ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಕಾಯ್ದೆಯಲ್ಲಿ ಇರಲಿಲ್ಲ. ಇಲ್ಲ ಅಂದರೆ ಗಡುವೇ ಇಲ್ಲ ಅಂತ ನಾವು ಅಂದುಕೊಂಡಿದ್ದೆವು. 2017ರಲ್ಲಿ ಸುಪ್ರೀಂ ಕೋರ್ಟ್, 'ಸಮಂಜಸ ಸಮಯ'ದೊಳಗೆ ಬರಬೇಕು ಅಂದಿತು. ಸಾಲು ಸಾಲು ಕೇಸು ಬಿದ್ದುಹೋದವು. ಓದು ಬಾರದ ಅಜ್ಜಿಗೆ, ಗೌಡರ ಹೊಲದಲ್ಲೇ ಕೂಲಿ ಮಾಡೋ ಮಗನಿಗೆ, ಯಾವುದು ಸಮಂಜಸ ಸಮಯ? ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ನಮ್ಮವರು ತಿಂಗಳುಗಟ್ಟಲೆ ಮಳೆ ಬಿಸಿಲಲ್ಲಿ ಕೂತರು. 2023ರ ಜುಲೈನಲ್ಲಿ ತಿದ್ದುಪಡಿ ಮಸೂದೆ ಸದನದಲ್ಲಿ ಪಾಸಾಯಿತು. ಕಾಲಮಿತಿ ಅನ್ವಯಿಸೋದಿಲ್ಲ ಅನ್ನೋದು ಅದರ ಸಾರ. ಮಂಡನೆ, ಪರ್ಯಾಲೋಚನೆ, 'ಹೌದು ಅನ್ನೋರು ಹೌದು ಅನ್ನಿ' ಅಂತ ಧ್ವನಿಮತ, ಮೇಲ್ಮನೆ, ರಾಜ್ಯಪಾಲರ ಸಹಿ. ಎಲ್ಲ ಆ ಒಂದು ಸಾಲಿಗೆ. ಕೋರ್ಟುಗಳಲ್ಲಿ ಅದರ ಮೇಲೆ ಎಳೆದಾಟ ಮುಗಿದಿಲ್ಲ, ಅದು ಬೇರೆ ಮಾತು.

ನನ್ನದೇ ಒಂದು ಅನುಭವ ಹೇಳಿ ಮುಗಿಸ್ತೇನೆ. ನಮ್ಮವರ ಕೇರಿಯೊಂದಕ್ಕೆ (ಊರಿನ ಹೆಸರು ಬೇಡ) ಸ್ಮಶಾನ ಇರಲಿಲ್ಲ. ಹಳ್ಳದ ದಂಡೆಯಲ್ಲಿ ಹೂಳೋದು, ಮಳೆಗಾಲದಲ್ಲಿ ಗುಂಡಿ ತೆಗೆದರೆ ನೀರು. ಒಂದು ಕಚೇರಿಗೆ ಏಳು ವರ್ಷ ಅಲೆದೆವು, ಪ್ರತಿ ಸಲ 'ಫೈಲ್ ಮೂವ್ ಆಗಿದೆ' ಅನ್ನೋ ಉತ್ತರ. ಆಗ ಹಿರಿಯ ಕಾರ್ಯಕರ್ತರೊಬ್ಬರು, "ಪ್ರಶ್ನೆ ಕೇಳಿಸೋ ತಮ್ಮ. ಸದನದಲ್ಲಿ ನಮ್ಮ ಕ್ಷೇತ್ರದ ಶಾಸಕರೇ ಕೇಳಬೇಕು ಅಂತಿಲ್ಲ, ಯಾರು ಬೇಕಾದರೂ ಕೇಳಬಹುದು" ಅಂದರು. ಬೇರೆ ಜಿಲ್ಲೆಯ ಶಾಸಕರೊಬ್ಬರನ್ನು ಹಿಡಿದೆವು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಕೊಟ್ಟರೆ ಸಾಕು. ನಮ್ಮದು ಚುಕ್ಕೆ ಇಲ್ಲದ್ದು. ಬಂದ ಉತ್ತರ: ಜಮೀನು ಗುರುತಿಸಿ ಕಾಯ್ದಿರಿಸಲಾಗಿದೆ, ಹದ್ದುಬಸ್ತು ಮಾಡಿ ಹಸ್ತಾಂತರಿಸಲಾಗುವುದು.

ಯಾವ ಜಮೀನು ಅಂತ ನಮಗೆ ಗೊತ್ತೇ ಇರಲಿಲ್ಲ! ಆದರೆ ಆ ಹಾಳೆ ಸದನದ ದಾಖಲೆ. ಅದನ್ನು ಹಿಡಿದು ಕಚೇರಿಗೆ ಹೋದಾಗ, ಏಳು ವರ್ಷ ತಲೆ ಎತ್ತದಿದ್ದ ಮನುಷ್ಯ ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಅಂದ. ಮೂರು ವಾರದಲ್ಲಿ ಸರ್ವೆಯವರು ಚೈನು ಹಿಡಿದು ಬಂದರು. ಇಪ್ಪತ್ತು ಗುಂಟೆಯಲ್ಲಿ ಹತ್ತಕ್ಕೆ ಕಲ್ಲು ನೆಟ್ಟರು. ಉಳಿದ ಹತ್ತರಲ್ಲಿ ಯಾರದೋ ಶುಂಠಿ ಬೆಳೆದು ನಿಂತಿತ್ತು. 'ಬೆಳೆ ಕಿತ್ತ ಮೇಲೆ ನೋಡೋಣ' ಅಂದರು. ಮೂರು ಬೆಳೆ ಆಗಿವೆ.

ಮಂತ್ರಿ ಸದನದಲ್ಲಿ ಕೊಟ್ಟ ಮಾತು ನಡೆಯದಿದ್ದರೆ ಅದನ್ನು ಹಿಂಬಾಲಿಸೋಕೇ ಒಂದು ಸಮಿತಿ ಇದೆ, ಸರ್ಕಾರಿ ಭರವಸೆಗಳ ಸಮಿತಿ. ಅರ್ಜಿಗಳ ಸಮಿತಿ ಇದೆ. ಪರಿಶಿಷ್ಟ ಜಾತಿ ಪಂಗಡಗಳ ಕಲ್ಯಾಣ ಸಮಿತಿ ಇದೆ, ಅದು ಅಧಿಕಾರಿಗಳನ್ನು ಕರೆಸಿ ಕೇಳಬಹುದು, ಜಿಲ್ಲೆಗೆ ಬಂದು ನೋಡಬಹುದು. ಟಿವಿಯಲ್ಲಿ ಕಾಣೋದು ಬಾವಿಯ ಗಲಾಟೆ, ಇವು ಕಾಣೋದಿಲ್ಲ. ಇವೆಲ್ಲ ಇವೆ ಅಂತ ನನಗೇ ಗೊತ್ತಾದದ್ದು ನಲವತ್ತು ದಾಟಿದ ಮೇಲೆ.

ಏಪ್ರಿಲ್‌ನಲ್ಲಿ ಕೇಳಿದ ಹುಡುಗಿ ಹೋದ ಭಾನುವಾರ ಮನೆಗೆ ಬಂದಿದ್ದಳು. ಶುಂಠಿಯ ಹತ್ತು ಗುಂಟೆ ಬಗ್ಗೆ ಭರವಸೆಗಳ ಸಮಿತಿ ಅಧ್ಯಕ್ಷರಿಗೆ ಎರಡು ಪುಟ ಬರೆದು ತಂದಿದ್ದಾಳೆ. ಉತ್ತರ ಬಂದ ತಾರೀಕು, ಸರ್ವೆ ನಂಬರ್, ನೆಟ್ಟ ಕಲ್ಲುಗಳ ಫೋಟೋ, ಎಲ್ಲ ಹಚ್ಚಿದ್ದಾಳೆ. ಅವಳ ಅಜ್ಜ ಮಲಗಿರೋದು ಇತ್ತ ಕಡೆಯ ಹತ್ತು ಗುಂಟೆಯಲ್ಲಿ. ನಾನು ಕಾಗುಣಿತ ಎರಡು ಕಡೆ ತಿದ್ದಿದೆ ಅಷ್ಟೇ. ನಾಳೆ ರಿಜಿಸ್ಟರ್ ಪೋಸ್ಟಲ್ಲಿ ಹೋಗುತ್ತೆ.

ಜೈಭೀಮ್.